ತನಗಾಗಿ ಹೊಲಿದುಕೊಳ್ಳುವ ಪಟ್ಟೆಯ ಅಂಗಿ

ಹೊಲಿಗೆಯ ಯಂತ್ರವುಳ್ಳ ಮನೆಗಳು ನಮ್ಮ ನಾಡಿನಲ್ಲಿ ಕಡಮೆಯಲ್ಲ. ಆದರೆ ಆ ಯಂತ್ರವು ವರ್ಷದಲ್ಲಿ ಯಾರ ಯಾರ ಕೆಲಸಕ್ಕಾಗಿ ತಿರುಗಿತೆಂಬುದನ್ನು ಲೆಕ್ಕ ಹಾಕಿ ನೋಡುವವರು ವಿರಳ. ಮಕ್ಕಳ ಶಾಲೆಯ ಉಡುಪಿನಲ್ಲಿ ಬಿಚ್ಚಿದ ಹೊಲಿಗೆ, ದಿಂಬಿನ ಗವುಸು, ಮಗಳ ಸೀರೆಯ ಫಾಲ್, ನೆರೆಮನೆಯವರ ರವಿಕೆಯ ತೋಳು, ಮೊಮ್ಮಗುವಿನ ಜುಬ್ಬ, ಹೀಗೆ ಪಟ್ಟಿಯು ಬೆಳೆಯುತ್ತ ಹೋಗುತ್ತದೆ. ಯಂತ್ರದ ಮುಂದೆ ಕುಳಿತು ಹೊಲಿದವರ ಹೆಸರು ಮಾತ್ರ ಆ ಪಟ್ಟಿಯಲ್ಲಿ ಕಾಣಬರುವುದಿಲ್ಲ. ಇನ್ನು ಗಂಡಸರ ಮಾತನ್ನಂತೂ ಹೇಳುವಂತಿಲ್ಲ; ಯಂತ್ರದ ಹತ್ತಿರ ಸುಳಿಯುವುದೇ ತಮ್ಮ ಧರ್ಮವಲ್ಲವೆಂದು ಅವರು ಭಾವಿಸಿರುತ್ತಾರೆ.

ತನಗಾಗಿ ಒಂದು ಅಂಗಿಯನ್ನು ಮನೆಯಲ್ಲಿಯೇ ಹೊಲಿದುಕೊಳ್ಳಬೇಕೆಂಬವರಿಗೆ, ಅವರು ಗೃಹಿಣಿಯರಾಗಲಿ ಗೃಹಸ್ಥರಾಗಲಿ, ಅತ್ಯಂತ ಸುಲಭವೂ ಸುಖಕರವೂ ಆದ ಒಂದು ಉಡುಪಿನ ವಿಚಾರವನ್ನು ಇಲ್ಲಿ ಬರೆಯುತ್ತೇನೆ. ಅದು ಹೆಣೆದ ಬಟ್ಟೆಯಿಂದ, ಎಂದರೆ ನಾವು ಬನಿಯನ್ ಬಟ್ಟೆಯೆಂದು ಕರೆಯುವ ಜಾತಿಯ ಬಟ್ಟೆಯಿಂದ, ಸಡಿಲವಾಗಿ ಹೊಲಿದ ಅಡ್ಡ ಪಟ್ಟೆಯ ಅಂಗಿ. ಈಗಿನವರು ಇದನ್ನು ಟಾಪ್ ಎನ್ನುತ್ತಾರೆ. ಇದಕ್ಕೆ ಗುಂಡಿಯಿಲ್ಲ, ಕಾಜವಿಲ್ಲ, ಕಾಲರಿಲ್ಲ, ಎದೆಯ ಭಾಗದಲ್ಲಿ ಹಿಡಿಯಬೇಕಾದ ಮಡಿಕೆಯಿಲ್ಲ. ನಾಲ್ಕು ತುಂಡುಗಳು ಮತ್ತು ಕೊರಳಿಗೊಂದು ಪಟ್ಟಿ, ಇಷ್ಟೇ. ಸಂಸ್ಕೃತದಲ್ಲಿ ಸೂಚೀಕಟಾಹನ್ಯಾಯವೆಂಬುದೊಂದುಂಟು: ಸೂಜಿಯನ್ನೂ ಕಡಾಯಿಯನ್ನೂ ಮಾಡಿಕೊಡೆಂದು ಏಕಕಾಲದಲ್ಲಿ ಕೇಳಿದರೆ, ಕಮ್ಮಾರನು ಅಲ್ಪಶ್ರಮದ ಸೂಜಿಯನ್ನು ಮೊದಲು ಮುಗಿಸಿಕೊಂಡು ಆಮೇಲೆ ಕಡಾಯಿಗೆ ಕೈ ಹಾಕುತ್ತಾನೆ. ಹೊಲಿಗೆಯನ್ನು ಹೊಸದಾಗಿ ಕಲಿಯುವವರೂ ರವಿಕೆ, ಷರ್ಟುಗಳಿಗಿಂತ ಮೊದಲು ಇದನ್ನು ಕೈಗೆತ್ತಿಕೊಳ್ಳುವುದು ಲೇಸು.

ಎರಡು ಬಗೆಯ ಬಟ್ಟೆ

ಕೆಲಸಕ್ಕೆ ತೊಡಗುವ ಮುನ್ನ ಬಟ್ಟೆಯ ಸ್ವರೂಪವನ್ನು ತಿಳಿಯಬೇಕು. ಇದೊಂದನ್ನು ತಿಳಿದವರಿಗೆ ಮುಂದಿನ ನಿಯಮಗಳನ್ನು ಕಂಠಪಾಠ ಮಾಡುವ ಅಗತ್ಯವಿಲ್ಲ. ಅವು ತಾವಾಗಿಯೇ ಹೊಳೆಯುತ್ತವೆ.

ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಬಟ್ಟೆಯ ದೃಷ್ಟಾಂತವು ನೆನಪಿರಬಹುದು. ಬಟ್ಟೆಗೆ ನೂಲು ಸಮವಾಯಿಕಾರಣ; ನೂಲುಗಳ ಪರಸ್ಪರ ಸಂಯೋಗವು ಅಸಮವಾಯಿಕಾರಣ; ಮಗ್ಗ ಮೊದಲಾದವು ನಿಮಿತ್ತಕಾರಣ. ಬಾಲ್ಯದಲ್ಲಿ ಇದು ಬರಿಯ ಶಾಸ್ತ್ರದ ಮಾತೆಂದು ತೋರುತ್ತದೆ. ಆದರೆ ಒಂದು ಪಂಚೆಯನ್ನೂ ಒಂದು ಬನಿಯನ್ನನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ಎರಡಕ್ಕೂ ಮೂಲವಾದದ್ದು ಅದೇ ಹತ್ತಿಯ ನೂಲು. ಪಂಚೆಯನ್ನು ಎಳೆದರೆ ಅದು ಅಲುಗದು; ಬನಿಯನ್ನನ್ನು ಎಳೆದರೆ ಹಿಗ್ಗಿ, ಬಿಟ್ಟೊಡನೆ ಮರಳಿ ತನ್ನ ಆಕಾರಕ್ಕೆ ಬರುತ್ತದೆ. ನೂಲು ಒಂದೇ ಆದಮೇಲೆ ಈ ಭೇದವೆಲ್ಲಿಂದ ಬಂತು? ಸಂಯೋಗದ ಭೇದದಿಂದಲೇ ಬಂತು.

ನೇಯ್ದ ಬಟ್ಟೆಯಲ್ಲಿ ಹಾಸು ಒಂದು ಕಡೆಗೆ, ಹೊಕ್ಕು ಅದಕ್ಕೆ ಅಡ್ಡಲಾಗಿ, ಎರಡೂ ನೆಟ್ಟಗೆ ಓಡುತ್ತವೆ. ನೆಟ್ಟಗಿರುವ ನೂಲನ್ನು ಎಳೆದರೆ ಅದು ಉದ್ದವಾಗುವುದೆಲ್ಲಿಗೆ? ಹೆಣೆದ ಬಟ್ಟೆಯಲ್ಲಾದರೋ ನೂಲು ನೆಟ್ಟಗೆ ಓಡುವುದೇ ಇಲ್ಲ. ಅದು ಕುಣಿಕೆ ಕುಣಿಕೆಯಾಗಿ ಬಾಗಿ, ಒಂದು ಸಾಲಿನ ಕುಣಿಕೆಗಳು ಕೆಳಗಿನ ಸಾಲಿನ ಕುಣಿಕೆಗಳೊಳಗಿಂದ ಹಾದು ನಿಂತಿರುತ್ತವೆ. ಎಳೆದಾಗ ನೂಲು ಬೆಳೆಯುವುದಿಲ್ಲ. ಕುಣಿಕೆಯ ಆಕಾರ ಮಾತ್ರ ಅಗಲವಾಗುತ್ತದೆ. ಆದಕಾರಣವೇ ಇದು ಮೈಯ ಚಲನೆಯನ್ನು ಅನುಸರಿಸುತ್ತದೆ. ಆದಕಾರಣವೇ ಒಂದು ಕುಣಿಕೆ ಕಡಿದರೆ ಏಣಿಯ ಮೆಟ್ಟಿಲಿನಂತೆ ಕೆಳಗಿನವರೆಗೂ ಬಿಚ್ಚಿಕೊಳ್ಳುವ ಭಯವೂ ಇದೆ. ಹಿಗ್ಗುವಿಕೆಯೇ ಈ ಬಟ್ಟೆಯ ಪ್ರಾಣ. ಒಗೆಯುವಾಗ, ಕತ್ತರಿಸುವಾಗ, ಹೊಲಿಯುವಾಗ ಆ ಪ್ರಾಣವನ್ನು ಕೆಡಿಸದಿರುವುದೇ ಈ ಕೆಲಸದ ಸರ್ವಸ್ವ.

ಕೈಯಲ್ಲಿ ಕಡ್ಡಿಗಳನ್ನು ಹಿಡಿದು ಹೆಣೆಯುವ ವಿದ್ಯೆ ಹಳೆಯದು. ಅದನ್ನು ಯಂತ್ರಕ್ಕೆ ಒಪ್ಪಿಸಿದವನು ಇಂಗ್ಲೆಂಡಿನ ವಿಲಿಯಂ ಲೀ. ಕಾಲುಚೀಲಗಳನ್ನು ಹೆಣೆಯುವ ಅವನ ಯಂತ್ರವು 1589ರಲ್ಲಿ ಸಿದ್ಧವಾಯಿತೆಂದು ಚರಿತ್ರಕಾರರು ಬರೆಯುತ್ತಾರೆ. ಈಗ ನಮ್ಮ ದೇಶದಲ್ಲಿ ಈ ಜಾತಿಯ ಬಟ್ಟೆಗೆ ಪ್ರಸಿದ್ಧವಾದ ಊರು ತಮಿಳುನಾಡಿನ ತಿರುಪ್ಪೂರು. ಅದು ನೊಯ್ಯಲ್ ನದಿಯ ತೀರದಲ್ಲಿದೆ.

ಪಟ್ಟೆಯ ವಿಚಾರ

ಪಟ್ಟೆಯ ಹೆಣೆದ ಅಂಗಿಗೂ ಒಂದು ಚರಿತ್ರೆಯುಂಟು. ಅದು ಫ್ರಾನ್ಸ್ ದೇಶದ ನಾವಿಕರ ಉಡುಪು. 1858ರಲ್ಲಿ ಅಲ್ಲಿಯ ನೌಕಾದಳವು ನಾವಿಕರ ಒಳಂಗಿಯನ್ನು ನಿಯಮದಿಂದ ಗೊತ್ತುಮಾಡಿತು. ಮೈಯ ಭಾಗದಲ್ಲಿ 21 ಬಿಳಿಯ ಪಟ್ಟೆಗಳು, ಅವುಗಳ ನಡುವೆ 20 ಅಥವಾ 21 ನೀಲಿಯ ಪಟ್ಟೆಗಳು. ಬಿಳಿಯ ಪಟ್ಟೆಯ ಅಗಲ 20 ಮಿಲಿಮೀಟರ್, ನೀಲಿಯದು ಅದರ ಅರ್ಧ, ಎಂದರೆ 10 ಮಿಲಿಮೀಟರ್. ತೋಳಿನ ಪಟ್ಟೆಗಳಿಗೂ ಇಂಥದೇ ಲೆಕ್ಕವಿತ್ತು. ಹಡಗಿನಲ್ಲಿ ದುಡಿಯುವವನಿಗಾಗಿ ಹುಟ್ಟಿದ ಈ ಅಂಗಿಯು ಇಪ್ಪತ್ತನೆಯ ಶತಮಾನದಲ್ಲಿ ತೀರಕ್ಕಿಳಿದು ಎಲ್ಲರ ಉಡುಪಾಯಿತು. ಕೈಗಳನ್ನು ಎತ್ತಲು, ಹಗ್ಗವನ್ನು ಸೆಳೆಯಲು, ಬಾಗಲು ತಡೆಯಿಲ್ಲದ ಉಡುಪು ಮನೆಗೆಲಸದವರಿಗೂ ಒಪ್ಪುವುದು ಸಹಜವೇ ಆಗಿದೆ.

ಬಿಳಿ ಎರಡು ಪಾಲು, ಬಣ್ಣ ಒಂದು ಪಾಲು ಎಂಬ ಆ ಪ್ರಮಾಣವು ಕಣ್ಣಿಗೆ ಹಿತವಾದದ್ದು. ಬಟ್ಟೆಯನ್ನು ಆರಿಸುವಾಗ ನೆನಪಿನಲ್ಲಿಟ್ಟುಕೊಳ್ಳಬಹುದು. ಕಲಿಯುವವರು ಅತಿ ಸಣ್ಣ ಗೀರುಗಳ ಬಟ್ಟೆಯನ್ನು ಕೊಳ್ಳದಿರುವುದು ಮೇಲು. ಎರಡು ತುಂಡುಗಳ ಗೀರುಗಳನ್ನು ಕೂಡಿಸುವಾಗ ಅವು ಕಣ್ಣಿಗೆ ಕತ್ತಲೆ ಕವಿಸುತ್ತವೆ. ಅರ್ಧ ಅಂಗುಲದ ಆಸುಪಾಸಿನ ಪಟ್ಟೆಯು ಅನುಕೂಲ.

ಪಟ್ಟೆಯ ಬಟ್ಟೆ ಕಷ್ಟವೆಂದು ಕೆಲವರು ಹಿಂಜರಿಯುವುದುಂಟು. ವಸ್ತುತಃ ಪಟ್ಟೆಯು ಹೊಲಿಯುವವರಿಗೆ ಸಹಾಯಕ. ಬಟ್ಟೆಯ ಉದ್ದಕ್ಕೂ ಯಾರೋ ಅಡಿಪಟ್ಟಿಯನ್ನಿಟ್ಟು ಗೆರೆಗಳನ್ನು ಎಳೆದುಕೊಟ್ಟಂತೆ ಅದು ಇರುತ್ತದೆ. ಕತ್ತರಿ ಓರೆಯಾದರೆ ಪಟ್ಟೆಯು ತೋರಿಸುತ್ತದೆ. ಬಟ್ಟೆಯು ಹೊಲಿಗೆಯಲ್ಲಿ ಎಳೆದುಕೊಂಡಿದ್ದರೆ ಪಟ್ಟೆಯು ಅಲೆಯಾಗಿ ತೋರಿಸುತ್ತದೆ.

ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹೆಣೆದ ಬಟ್ಟೆಯು ಬಹುಮಟ್ಟಿಗೆ ದುಂಡಾದ ಯಂತ್ರದಲ್ಲಿ ಕೊಳವೆಯಂತೆ ಹೊರಬರುತ್ತದೆ. ಬಳ್ಳಿಯು ಕಂಬವನ್ನು ಸುತ್ತುತ್ತ ಏರುವಂತೆ ಅಲ್ಲಿ ನೂಲಿನ ಸಾಲುಗಳು ಸುತ್ತುತ್ತ ಏರುತ್ತವೆ. ಆ ಕೊಳವೆಯನ್ನು ಉದ್ದಕ್ಕೆ ಸೀಳಿ ಹಾಸಿದಾಗ ಪಟ್ಟೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತುಸು ಏರಿರುವುದುಂಟು. ಆದುದರಿಂದ ಕತ್ತರಿಸುವಾಗ ಅಂಚನ್ನು ನಂಬಬಾರದು, ಪಟ್ಟೆಯನ್ನು ನಂಬಬೇಕು.

ಬಟ್ಟೆಯನ್ನು ಕೊಳ್ಳುವುದು, ನೆನೆಸುವುದು

ಈ ಬಟ್ಟೆಯನ್ನು ಕೆಲವು ಅಂಗಡಿಗಳಲ್ಲಿ ಮೀಟರಿನ ಲೆಕ್ಕದಲ್ಲಿಯೂ ಕೆಲವೆಡೆ ಕಿಲೋ ತೂಕದಲ್ಲಿಯೂ ಮಾರುತ್ತಾರೆ. ಅಂಗಡಿಯಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಿರಿ. ಅಡ್ಡಲಾಗಿ 4 ಅಂಗುಲದಷ್ಟು ಭಾಗವನ್ನು ಎರಡು ಕೈಗಳ ಬೆರಳುಗಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಅದು 5 ಅಂಗುಲವನ್ನು ಸುಲಭವಾಗಿ ದಾಟಬೇಕು. ಬಿಟ್ಟರೆ ಮರಳಿ 4 ಅಂಗುಲಕ್ಕೆ ಬರಬೇಕು. ಹಿಗ್ಗಿಯೂ ಹಿಂದಿರುಗದ ಬಟ್ಟೆಯು ಮೊಣಕೈಯಲ್ಲಿ ಜೋಲಿಯಾಗುತ್ತದೆ.

ಹತ್ತಿಯ ಸಾದಾ ಹೆಣಿಗೆಯ ಬಟ್ಟೆ, ಎಂದರೆ ಜರ್ಸಿ, ನಮ್ಮ ಹವೆಗೆ ಒಳ್ಳೆಯದು. ಕತ್ತರಿಸಿದೊಡನೆ ಅದರ ಪಕ್ಕದ ಅಂಚುಗಳು ಒಳಮೈಯ ಕಡೆಗೂ ಮೇಲಿನ ಮತ್ತು ಕೆಳಗಿನ ಅಂಚುಗಳು ಹೊರಮೈಯ ಕಡೆಗೂ ಸುರುಳಿಗೊಳ್ಳುವುದು ಅದರ ಸ್ವಭಾವ. ಇಂಟರ್‌ಲಾಕ್ ಎಂಬ ಹೆಣಿಗೆಯು ಎರಡು ಕಡೆಯಲ್ಲಿಯೂ ಒಂದೇ ಬಗೆಯಾಗಿದ್ದು ಹೀಗೆ ಸುರುಳಿಗೊಳ್ಳುವುದಿಲ್ಲ; ಹೊಸಬರಿಗೆ ಅದು ಹೆಚ್ಚು ವಿಧೇಯ. ವಿಸ್ಕೋಸ್ ನೂಲಿನ ಜರ್ಸಿಯು ಮೈಮೇಲೆ ಚೆಲುವಾಗಿ ಇಳಿಬೀಳುವುದಾದರೂ ಕೈಯಿಂದ ಜಾರುವಂಥದು. ಎರಡನೆಯ ಅಂಗಿಗೆ ಅದನ್ನು ಇಟ್ಟುಕೊಳ್ಳಬಹುದು.

ಮನೆಗೆ ತಂದ ಬಟ್ಟೆಯನ್ನು ಕತ್ತರಿಸುವ ಮೊದಲು ಒಮ್ಮೆ ಒಗೆಯತಕ್ಕದ್ದು. ಯಂತ್ರದಲ್ಲಿ ಎಳೆಯಲ್ಪಟ್ಟಿದ್ದ ಕುಣಿಕೆಗಳು ನೀರಿನಲ್ಲಿ ತಮ್ಮ ಸಹಜಸ್ಥಿತಿಗೆ ಮರಳುತ್ತವೆ. ಹತ್ತಿಯ ಹೆಣೆದ ಬಟ್ಟೆಯು ಸಾಮಾನ್ಯವಾಗಿ ಅಗಲಕ್ಕಿಂತ ಉದ್ದದಲ್ಲಿ ಹೆಚ್ಚು ಕುಗ್ಗುತ್ತದೆ. ಈ ಕುಗ್ಗುವಿಕೆಯು ಅಂಗಿಯಾದಮೇಲೆ ಆಗುವುದಕ್ಕಿಂತ ಮೊದಲೇ ಆಗಿಹೋಗುವುದು ಕ್ಷೇಮ. ಒಗೆದುದನ್ನು ಹಗ್ಗದ ಮೇಲೆ ತೂಗುಹಾಕಕೂಡದು. ನೀರಿನ ಭಾರಕ್ಕೆ ಅದು ಉದ್ದಕ್ಕೆ ಎಳೆದುಕೊಳ್ಳುತ್ತದೆ. ನೆರಳಿನಲ್ಲಿ ಚಾಪೆಯ ಮೇಲೆ ಹರಡಿ ಒಣಗಿಸಬೇಕು.

ಸಡಿಲಿಕೆ ಎಷ್ಟು, ಎಲ್ಲಿ?

ಸಡಿಲವಾದ ಅಂಗಿಯೆಂದರೆ ದೊಡ್ಡ ಅಳತೆಯ ಅಂಗಿಯೆಂದು ಕೆಲವರ ತಿಳಿವಳಿಕೆ. ಅದು ಸರಿಯಲ್ಲ. ಅಣ್ಣನ ಅಂಗಿಯನ್ನು ತೊಟ್ಟ ತಮ್ಮನಂತೆ ಕಾಣುವುದು ಸಡಿಲಿಕೆಯಲ್ಲ, ಅಳತೆಗೇಡು. ಮೈಯ ಭಾಗ ಸಡಿಲವಾಗಿರಬೇಕು, ಹೆಗಲಿನ ಹೊಲಿಗೆಯು ಹೆಗಲ ತುದಿಯನ್ನು ದಾಟಿ ತೋಳಿನ ಮೇಲೆ ಇಳಿದಿರಬೇಕು; ಆದರೆ ಕೊರಳಿನ ಪಟ್ಟಿಯು ಮೈಗೆ ಹತ್ತಿ ಕೂತಿರಬೇಕು, ತೋಳಿನ ಕೊನೆಯು ಒತ್ತಾಗಿರಬೇಕು. ಒಂದೆರಡು ಸ್ಥಳಗಳಲ್ಲಿ ಹಿಡಿತವಿದ್ದರೆ ಮಾತ್ರ ಉಳಿದೆಡೆಯ ಸಡಿಲಿಕೆಯು ಬೇಕೆಂದೇ ಮಾಡಿದಂತೆ ಕಾಣುತ್ತದೆ.

ಈ ಸಡಿಲಿಕೆಯು ಬರಿಯ ಷೋಕಿಯಲ್ಲವೆಂಬುದು ನಮ್ಮ ಮನೆಯಲ್ಲಿ ಅನುಭವಕ್ಕೆ ಬಂದ ಸಂಗತಿ. ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿಯ ಬಲಹೆಗಲಿನ ಕೀಲು ಬಿಗಿದುಕೊಂಡು, ಕೈಯನ್ನು ಮೇಲಕ್ಕೆತ್ತುವುದೂ ಹಿಂದಕ್ಕೆ ತರುವುದೂ ದುಸ್ಸಾಧ್ಯವಾಯಿತು. ಮೂವತ್ತು ವರ್ಷ ಮನೆಮಂದಿಗೆಲ್ಲ ಹೊಲಿದ ಕೈ ಅದು. ಬಿಗಿಯಾದ ತೋಳಿನ ರವಿಕೆಯನ್ನು ತೊಡಲು ಪ್ರತಿದಿನ ಬೆಳಗ್ಗೆ ಸೊಸೆಯನ್ನು ಕರೆಯಬೇಕಾಗುತ್ತಿತ್ತು. ಸೊಸೆ ಬೇಸರಪಟ್ಟವಳಲ್ಲ, ಆದರೆ ಕರೆಯಬೇಕಾದವಳಿಗೆ ಅದು ಎಷ್ಟು ಕಷ್ಟವೆಂಬುದನ್ನು ನಾನು ನೋಡುತ್ತಿದ್ದೆ. ಸ್ನಾನ ಮುಗಿಸಿ ಬಾಗಿಲ ಹಿಂದೆ ಸುಮ್ಮನೆ ನಿಂತಿರುತ್ತಿದ್ದಳೇ ಹೊರತು ಕೂಗುತ್ತಿರಲಿಲ್ಲ.

ಸಡಿಲವಾದ ಅಂಗಿಯನ್ನು ಹೊಲಿದುಕೊಳ್ಳೆಂದು ನಾನು ಹೇಳಿದಾಗ, “ಈ ವಯಸ್ಸಿನಲ್ಲಿ ನನಗೇತಕ್ಕೆ ಪಟ್ಟೆ ಅಂಗಿ? ನೋಡಿದವರು ನಗುತ್ತಾರೆ, ಅಷ್ಟೆ” ಎಂದಳು. “ನಗುವವರು ಬೆಳಗ್ಗೆ ಬಂದು ನಿನಗೆ ರವಿಕೆ ತೊಡಿಸುತ್ತಾರೆಯೇ?” ಎಂದು ನಾನು ಕೇಳಿದೆ. ಅಳತೆ ಮತ್ತು ಕತ್ತರಿಕೆ ನನ್ನ ಪಾಲಿಗೆ, ಹೊಲಿಗೆ ಅವಳ ಪಾಲಿಗೆ ಎಂದು ಒಪ್ಪಂದವಾಯಿತು. ಅಂಗಿಯು ಸಿದ್ಧವಾದ ಮರುದಿನ ಅವಳು ಯಾರನ್ನೂ ಕರೆಯದೆ ಸಿದ್ಧಳಾಗಿ ಹೊರಗೆ ಬಂದಳು. ಕೀಲಿನ ಬಿಗಿತವು ಕಾಲಕ್ರಮದಲ್ಲಿ ಕಳೆಯಿತು. ಅಂಗಿಯನ್ನು ಮಾತ್ರ ಅವಳು ಬಿಟ್ಟಿಲ್ಲ. ನನಗೂ ಒಂದನ್ನು ನಾನೇ ಹೊಲಿದುಕೊಂಡಿದ್ದೇನೆ.

ಹೆಗಲು ನೋವಿರುವವರು ಇಂಥ ಅಂಗಿಯನ್ನು ತೊಡುವ ಕ್ರಮವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನೋವಿರುವ ಕೈಯನ್ನು ಎತ್ತದೆ ಕೆಳಗಿಟ್ಟುಕೊಂಡೇ ಅದಕ್ಕೆ ಮೊದಲು ತೋಳನ್ನು ಏರಿಸಬೇಕು. ಆಮೇಲೆ ತಲೆಯನ್ನು ತೂರಿಸಿ ಕಡೆಯಲ್ಲಿ ಒಳ್ಳೆಯ ಕೈಯನ್ನು ಹಾಕಬೇಕು. ತೆಗೆಯುವಾಗ ಇದರ ವಿಪರೀತ: ಒಳ್ಳೆಯ ಕೈ ಮೊದಲು, ನೋವಿನ ಕೈ ಕಡೆಗೆ. ಕೊರಳು ಅಗಲವಾಗಿಯೂ ಕಂಕುಳು ಸಡಿಲವಾಗಿಯೂ ಇದ್ದರೆ ಮಾತ್ರ ಇದು ಸಾಧ್ಯ.

ಅಳತೆ ಮತ್ತು ಕತ್ತರಿಕೆ

ಬೇಕಾದ ಅಳತೆಗಳು ಕೆಲವೇ: ಎದೆಯ ಸುತ್ತಳತೆ, ಸೊಂಟದ ಕೆಳಗಿನ ಸುತ್ತಳತೆ, ಕೊರಳ ಬುಡದಿಂದ ಅಂಗಿಯು ಇಳಿಯಬೇಕಾದಷ್ಟು ಉದ್ದ, ತೋಳಿನ ಕೊನೆ ಬರುವಲ್ಲಿ ಕೈಯ ಸುತ್ತಳತೆ. ಎದೆಯ ಸುತ್ತಳತೆಗೆ 8 ಅಂಗುಲವನ್ನು ಕೂಡಿಸಿ, ಬಂದುದನ್ನು ಎರಡರಿಂದ ಭಾಗಿಸಿ, ಹೊಲಿಗೆಗಾಗಿ 1 ಅಂಗುಲವನ್ನು ಸೇರಿಸಿದರೆ ಹಿಂಭಾಗ ಮುಂಭಾಗಗಳ ಒಂದೊಂದು ತುಂಡಿನ ಅಗಲವು ದೊರೆಯುತ್ತದೆ. ಎದೆಯ ಸುತ್ತಳತೆ 36 ಅಂಗುಲವಾದರೆ, 44ರ ಅರ್ಧ 22, ಅದಕ್ಕೆ 1 ಸೇರಿ 23 ಅಂಗುಲ. ಸೊಂಟದ ಕೆಳಗಿನ ಸುತ್ತಳತೆಯು ಎದೆಯದಕ್ಕಿಂತ ಬಹಳ ಹೆಚ್ಚಾಗಿದ್ದರೆ ಅದನ್ನೇ ತೆಗೆದುಕೊಂಡು 4 ಅಂಗುಲ ಕೂಡಿಸಿ ಲೆಕ್ಕ ಮಾಡಬೇಕು. ಎರಡು ಲೆಕ್ಕಗಳಲ್ಲಿ ದೊಡ್ಡದು ಗ್ರಾಹ್ಯ.

ಮುಂದಿನ ಅಳತೆಗಳನ್ನು ಈ 36 ಅಂಗುಲದ ಎದೆಗೆ ಅನುಸಾರವಾಗಿ ಕೊಟ್ಟಿದೆ. ಅಂಗಿಯ ಉದ್ದ 24 ಅಂಗುಲ. ಹೆಗಲಿನ ಹೊಲಿಗೆಗೆ ಅರ್ಧ ಅಂಗುಲ, ಕೆಳಗಿನ ಮಡಿಕೆಗೆ 1 ಅಂಗುಲ ಸೇರಿ 25½ ಅಂಗುಲ. ಕೊರಳಿನ ಅಗಲ 9 ಅಂಗುಲ. ಆಳವು ಹಿಂದೆ 1 ಅಂಗುಲ, ಮುಂದೆ 3½ ಅಂಗುಲ. ಹೆಗಲ ಗೆರೆಯು ಕೊರಳಿನಿಂದ ಹೊರತುದಿಗೆ ಹೋಗುವಷ್ಟರಲ್ಲಿ 1 ಅಂಗುಲ ಇಳಿಯಬೇಕು. ಪಕ್ಕದ ಅಂಚಿನಲ್ಲಿ, ಹೆಗಲ ತುದಿಯಿಂದ 8½ ಅಂಗುಲ ಕೆಳಗೆ, ತೋಳು ಮುಗಿಯುವ ಸ್ಥಳಕ್ಕೆ ಒಂದು ಗುರುತು. ಕಂಕುಳಿನಲ್ಲಿ ಕಮಾನಿನಂತೆ ಕತ್ತರಿಸಬೇಕಾದದ್ದಿಲ್ಲ. ಪಕ್ಕವು ನೆಟ್ಟಗೇ ಇರುತ್ತದೆ. ತೋಳಿನ ತುಂಡು ಮೇಲೆ 17 ಅಂಗುಲ, ಕೆಳಗೆ 12 ಅಂಗುಲ, ಉದ್ದ 11½ ಅಂಗುಲ; ಇವು ಹೊಲಿಗೆ ಮಡಿಕೆಗಳು ಸೇರಿದ ಅಳತೆಗಳು. ಹೆಗಲು ಮೊದಲೇ ಇಳಿದಿರುವುದರಿಂದ ಈ ತೋಳು ಮೊಣಕೈಯ ಹತ್ತಿರ ನಿಲ್ಲುತ್ತದೆ. ಬಟ್ಟೆಯ ಅಗಲ 60 ಅಂಗುಲವಿದ್ದರೆ ಎರಡು ಮೈತುಂಡುಗಳನ್ನು ಅಕ್ಕಪಕ್ಕದಲ್ಲಿ, ತೋಳುಗಳನ್ನೂ ಕೊರಳ ಪಟ್ಟಿಯನ್ನೂ ಅವುಗಳ ಕೆಳಗೆ ಇಡಬಹುದು. ಕುಗ್ಗುವುದೂ ಪಟ್ಟೆ ಕೂಡಿಸುವುದೂ ಸೇರಿ 1¼ ಮೀಟರ್ ಸಾಕು.

ಈ ಅಳತೆಗಳನ್ನು ಹಳೆಯ ವರ್ತಮಾನಪತ್ರಿಕೆಯ ಮೇಲೆ ಬರೆದು ಕತ್ತರಿಸಿ ಕಾಗದದ ಮಾದರಿಯನ್ನು ಮಾಡಿಕೊಳ್ಳಿರಿ. ಬಟ್ಟೆಯನ್ನು ಮಡಚದೆ ಒಂದೇ ಪದರವಾಗಿ ಹಾಸಿರಿ. ಮೇಜಿನ ಅಂಚಿನಿಂದ ಜೋತುಬೀಳಬಾರದು, ಜೋತುಬಿದ್ದರೆ ಅದರ ಭಾರವೇ ಬಟ್ಟೆಯನ್ನು ಎಳೆಯುತ್ತದೆ. ನೆಲವೇ ಉತ್ತಮ. ಮಾದರಿಯ ಕೆಳಗಿನ ಅಂಚನ್ನು ಒಂದು ಬಣ್ಣದ ಪಟ್ಟೆಯ ಕೆಳಗೆರೆಗೆ ಸರಿಯಾಗಿಟ್ಟು ಮೊದಲು ಹಿಂಭಾಗವನ್ನು ಕತ್ತರಿಸಿರಿ. ಅನಂತರ ಕತ್ತರಿಸಿದ ಹಿಂಭಾಗವನ್ನೇ ಬಟ್ಟೆಯ ಮೇಲೆ ಪಟ್ಟೆಗೆ ಪಟ್ಟೆ ಸೇರುವಂತೆ ಇಟ್ಟು, ಅದರಂತೆಯೇ ಮುಂಭಾಗವನ್ನು ಕತ್ತರಿಸಿ, ಆಮೇಲೆ ಕೊರಳನ್ನು ಮಾತ್ರ ಆಳ ಮಾಡಿರಿ. ಆಗ ಎರಡೂ ತುಂಡುಗಳ ಪಟ್ಟೆಗಳು ಪಕ್ಕದ ಹೊಲಿಗೆಯಲ್ಲಿ ತಾವಾಗಿ ಒಂದಕ್ಕೊಂದು ಎದುರಾಗುತ್ತವೆ. ಎರಡು ತೋಳುಗಳೂ ಒಂದೇ ಪಟ್ಟೆಯಿಂದ ಆರಂಭವಾಗಬೇಕು.

ಸೂಜಿ, ದಾರ, ಹೊಲಿಗೆ

ಸೂಜಿಯೆಂಬುದು ಸೂಚಿಯ ತದ್ಭವ. ಮುರಿಯದ ಸೂಜಿಯಿಂದ ಹೊಲಿಯುವ ಮಾತು ಋಗ್ವೇದದ ರಾಕಾದೇವಿಯ ಪ್ರಾರ್ಥನೆಯಲ್ಲಿಯೇ ಬರುತ್ತದೆಂದಮೇಲೆ ಸೂಜಿಯ ಗೌರವ ಸಾಮಾನ್ಯವಾದುದಲ್ಲ. ಹೆಣೆದ ಬಟ್ಟೆಗೆ ಮಾತ್ರ ಸೂಜಿಯು ಮೊನೆಯಾಗಿದ್ದರೆ ದೋಷ. ಚೂಪಾದ ಮೊನೆಯು ನೂಲನ್ನು ಇರಿದು ಕಡಿಯುತ್ತದೆ. ಒಂದೆರಡು ಒಗೆತಗಳಲ್ಲಿ ಅಲ್ಲಿ ತೂತು ಬೀಳುತ್ತದೆ. ಇದಕ್ಕಾಗಿಯೇ ಬಾಲ್‌ಪಾಯಿಂಟ್ ಎಂಬ ದುಂಡುಮೊನೆಯ ಸೂಜಿಯು ದೊರೆಯುತ್ತದೆ. ಅದು ನೂಲನ್ನು ಕಡಿಯದೆ ಕುಣಿಕೆಗಳ ನಡುವೆ ದಾರಿಮಾಡಿಕೊಂಡು ಹೋಗುತ್ತದೆ. ತೆಳು ಬಟ್ಟೆಗೆ 11ನೆಯ ಸಂಖ್ಯೆಯದು ತಕ್ಕುದು. ದಾರವು ಪಾಲಿಯೆಸ್ಟರಿನದಾಗಿರಲಿ, ಹತ್ತಿಯ ದಾರಕ್ಕಿಂತ ಅದು ಎಳೆತವನ್ನು ಹೆಚ್ಚು ತಾಳುತ್ತದೆ.

ಧಾತುಪಾಠದಲ್ಲಿ ಹೊಲಿಯುವುದೆಂಬ ಧಾತುವಿಗೆ ಹೇಳಿರುವ ಅರ್ಥವು ನೂಲನ್ನು ಹಬ್ಬಿಸಿ ಮುಂದುವರಿಸುವುದೆಂದು. ಹಾಗಾದರೆ ಬಟ್ಟೆಯ ನೂಲಿನ ಗುಣವು ಹೊಲಿಗೆಯ ನೂಲಿನಲ್ಲಿಯೂ ಮುಂದುವರಿಯಬೇಕಷ್ಟೆ. ಬಟ್ಟೆಯು ಹಿಗ್ಗಿ ಹೊಲಿಗೆಯು ಹಿಗ್ಗದಿದ್ದರೆ, ಅಂಗಿಯನ್ನು ತೊಡುವಾಗಲೇ ದಾರವು ಪಟಪಟನೆ ಕಡಿಯುತ್ತದೆ. ಆದಕಾರಣ ಜಿಗ್‌ಜಾಗ್ ಹೊಲಿಗೆಯುಳ್ಳ ಯಂತ್ರವಿದ್ದರೆ, ಅಗಲವನ್ನು ½ರಿಂದ 1 ಮಿಲಿಮೀಟರಿಗೂ ಉದ್ದವನ್ನು ಸುಮಾರು 2½ ಮಿಲಿಮೀಟರಿಗೂ ಇಟ್ಟು ಹೊಲಿಯಿರಿ. ಅಂಕುಡೊಂಕಾದ ದಾರವು ಎಳೆದಾಗ ನೆಟ್ಟಗಾಗಲು ಅವಕಾಶವಿರುತ್ತದೆ. ನೇರ ಹೊಲಿಗೆಯೊಂದೇ ಉಳ್ಳ ಹಳೆಯ ಕಪ್ಪು ಯಂತ್ರವಿದ್ದವರೂ ನಿರಾಶರಾಗಬೇಕಾದದ್ದಿಲ್ಲ. ಹೊಲಿಗೆಯನ್ನು ಸಣ್ಣದು ಮಾಡಿ, ದಾರದ ಬಿಗಿಯನ್ನು ತುಸು ಸಡಿಲಿಸಿ, ಸೂಜಿಯ ಹಿಂದೆಯೂ ಮುಂದೆಯೂ ಬಟ್ಟೆಯನ್ನು ಅತ್ಯಲ್ಪವಾಗಿ ಸೆಳೆದು ಹಿಡಿದು ಹೊಲಿದರೆ, ಕೈಬಿಟ್ಟಾಗ ಹೊಲಿಗೆಯಲ್ಲಿ ಕೊಂಚ ದಾರವು ಉಳಿದಿರುತ್ತದೆ. ಬಟ್ಟೆಯನ್ನು ಒತ್ತಿ ಹಿಡಿಯುವ ಪಾದದ ಒತ್ತಡವನ್ನು ಕಡಮೆ ಮಾಡುವ ತಿರುಪು ನಿಮ್ಮ ಯಂತ್ರದಲ್ಲಿದ್ದರೆ ಅದನ್ನೂ ಸಡಿಲಿಸಿರಿ. ಬಟ್ಟೆಯು ಹಲ್ಲುಗಳ ಒಳಕ್ಕೆ ನುಂಗಿಕೊಂಡುಹೋಗುತ್ತಿದ್ದರೆ ಅಡಿಗೆ ತೆಳುವಾದ ಕಾಗದವನ್ನಿಟ್ಟು ಹೊಲಿದು ಆಮೇಲೆ ಹರಿದು ತೆಗೆಯಬಹುದು.

ಒಂದಗುಳನ್ನು ಹಿಸುಕಿ ಇಡೀ ಪಾತ್ರೆಯ ಅನ್ನ ಬೆಂದಿದೆಯೆಂದು ತಿಳಿಯುವುದಕ್ಕೆ ಸ್ಥಾಲೀಪುಲಾಕನ್ಯಾಯವೆನ್ನುತ್ತಾರೆ. ಹಾಗೆ, ಉಳಿದ ಚೂರಿನ ಮೇಲೆ ಗೇಣುದ್ದ ಹೊಲಿದು ಬಲವಾಗಿ ಎಳೆದು ನೋಡಿರಿ. ದಾರ ಕಡಿಯದಿದ್ದರೆ, ಅಂಚು ಅಲೆಯಾಗದಿದ್ದರೆ, ಅಂಗಿಗೂ ಭಯವಿಲ್ಲ.

ಹೊಲಿಯುವ ಕ್ರಮ

ಮೊದಲು ಹೆಗಲುಗಳು. ಅಂಗಿಯ ಭಾರವೆಲ್ಲ ಇಲ್ಲಿಯೇ ತೂಗುವುದರಿಂದ ಇಲ್ಲಿ ಮಾತ್ರ ಹಿಗ್ಗುವಿಕೆಯನ್ನು ತಡೆಯಬೇಕು. ಕಾಲು ಅಂಗುಲದ ಹತ್ತಿಯ ಟೇಪನ್ನು ಹೆಗಲಿನ ಉದ್ದಕ್ಕೆ ಸಮನಾಗಿ ಕತ್ತರಿಸಿ, ಹೊಲಿಗೆಯ ಗೆರೆಯ ಮೇಲಿಟ್ಟು ಸೇರಿಸಿ ಹೊಲಿಯಿರಿ. ಇದಿಲ್ಲದ ಅಂಗಿಯ ಹೆಗಲು ಬರಬರುತ್ತ ಮೊಣಕೈಗೆ ಇಳಿಯುತ್ತದೆ.

ಎರಡನೆಯದು ಕೊರಳ ಪಟ್ಟಿ. ಹೊಲಿಗೆಯು ಬೀಳುವ ಗೆರೆಯ ಮೇಲೆ ಕೊರಳಿನ ಸುತ್ತನ್ನು ಟೇಪಿನಿಂದ ಅಳೆಯಿರಿ. ಅದರ ಎಂಟು ಪಾಲಿನಲ್ಲಿ ಏಳು ಪಾಲು ಪಟ್ಟಿಯ ಉದ್ದ. ಸೇರಿಸುವ ಹೊಲಿಗೆಗೆ 1 ಅಂಗುಲ ಹೆಚ್ಚು. ಸುತ್ತು 24 ಅಂಗುಲವಾದರೆ 21, ಅದಕ್ಕೆ 1 ಸೇರಿ 22 ಅಂಗುಲ. ಅಗಲ 2½ ಅಂಗುಲ. ಉದ್ದವು ಪಟ್ಟೆಯ ದಿಕ್ಕಿನಲ್ಲಿಯೇ ಬರಬೇಕು, ಹಿಗ್ಗುವಿಕೆ ಹೆಚ್ಚಾಗಿರುವುದು ಆ ಕಡೆಗೆ. ಪಟ್ಟಿಯ ತುದಿಗಳನ್ನು ಸೇರಿಸಿ ಬಳೆಯಂತೆ ಮಾಡಿ, ಒಳಮೈ ಒಳಗಾಗುವಂತೆ ಉದ್ದಕ್ಕೆ ಎರಡಾಗಿ ಮಡಚಿ, ನಾಲ್ಕು ಸಮಭಾಗಗಳಿಗೆ ಗುಂಡುಸೂಜಿಯ ಗುರುತಿಡಿರಿ. ಕೊರಳನ್ನೂ ಹಾಗೆಯೇ ನಾಲ್ಕಾಗಿ ಗುರುತಿಸಿ, ಗುರುತಿಗೆ ಗುರುತು ಸೇರಿಸಿ, ಪಟ್ಟಿಯನ್ನು ಮಾತ್ರ ಎಳೆದು ಕೊರಳನ್ನು ಎಳೆಯದೆ ಹೊಲಿಯಿರಿ. ಹೊಲಿದಮೇಲೆ ಪಟ್ಟಿಯು ತನ್ನ ಉದ್ದಕ್ಕೆ ಮರಳುವ ಪ್ರಯತ್ನದಲ್ಲಿ ಕೊರಳನ್ನು ಮೈಗೆ ಒತ್ತಿ ಹಿಡಿಯುತ್ತದೆ. ಪಟ್ಟಿಯು ಕೊರಳಿನಷ್ಟೇ ಉದ್ದವಾಗಿದ್ದರೆ ಜೋತುಬಿದ್ದು ಬಾಯಿ ತೆರೆದಂತೆ ಕಾಣುತ್ತದೆ.

ಮೂರನೆಯದು ತೋಳು. ಪಕ್ಕಗಳನ್ನು ಸೇರಿಸುವ ಮೊದಲೇ, ಅಂಗಿಯು ಹಾಸಿದಂತೆ ಬಿಚ್ಚಿಕೊಂಡಿರುವಾಗ, ತೋಳಿನ ಮೇಲಂಚಿನ ನಡುವನ್ನು ಹೆಗಲ ಹೊಲಿಗೆಗೆ ಕೂಡಿಸಿ, ಎರಡು ಕಡೆಯ ಗುರುತಿನವರೆಗೆ ನೆಟ್ಟಗೆ ಹೊಲಿಯಿರಿ. ತೋಳಿನ ಪಟ್ಟೆ ಮೈಯ ಪಟ್ಟೆಗೆ ಇಲ್ಲಿ ಸೇರುವುದಿಲ್ಲ, ಸೇರಬೇಕಾದದ್ದೂ ಇಲ್ಲ. ಕೈ ಇಳಿಬಿಟ್ಟಾಗ ಅವು ಬೇರೆ ದಿಕ್ಕಿಗೆ ತಿರುಗುವುದು ಈ ಕತ್ತರಿಕೆಯ ಸ್ವಭಾವ.

ನಾಲ್ಕನೆಯದು ಪಕ್ಕಗಳು. ತೋಳಿನ ಕೊನೆಯಿಂದ ಕಂಕುಳಿನವರೆಗೆ, ಅಲ್ಲಿಂದ ಕೆಳಗಿನ ಅಂಚಿನವರೆಗೆ ಒಂದೇ ಓಟದ ಹೊಲಿಗೆ. ಪಟ್ಟೆಗಳು ಇಲ್ಲಿ ಮಾತ್ರ ಕೂಡಲೇಬೇಕು. ಪ್ರತಿಯೊಂದು ಬಣ್ಣದ ಪಟ್ಟೆಗೂ ಒಂದೊಂದು ಗುಂಡುಸೂಜಿಯನ್ನು ಅಡ್ಡಲಾಗಿ ಚುಚ್ಚಿ, ಕೆಳಪದರದಲ್ಲಿ ಅದು ಅದೇ ಪಟ್ಟೆಯಿಂದ ಹೊರಬಂದಿದೆಯೇ ಎಂದು ನೋಡಿಕೊಳ್ಳಿರಿ. ಯಂತ್ರದ ಸೂಜಿಯು ಹತ್ತಿರ ಬಂದಾಗ ಒಂದೊಂದಾಗಿ ತೆಗೆಯಿರಿ. ಗುಂಡುಸೂಜಿಯ ಅಭ್ಯಾಸವಿಲ್ಲದವರು ಮೊದಲು ಕೈಯಿಂದ ಕಚ್ಚಾ ಹೊಲಿಗೆ ಹಾಕಿಕೊಳ್ಳಬಹುದು. ಇಪ್ಪತ್ತು ನಿಮಿಷ ಹೆಚ್ಚಾದೀತು. ಅಂಗಿಯನ್ನು ತೊಟ್ಟಾಗ ಪಟ್ಟೆಯು ಮೈಯನ್ನು ಮುರಿಯದೆ ಸುತ್ತಿಬರುವುದನ್ನು ನೋಡಿದರೆ ಆ ಇಪ್ಪತ್ತು ನಿಮಿಷದ ಬೆಲೆ ತಿಳಿಯುತ್ತದೆ.

ಕಡೆಯದು ಕೆಳಗಿನ ಮತ್ತು ತೋಳಿನ ಮಡಿಕೆ. ಹೆಣೆದ ಬಟ್ಟೆಯ ಅಂಚು ನೇಯ್ದ ಬಟ್ಟೆಯಂತೆ ಎಳೆ ಬಿಡುವುದಿಲ್ಲವಾದ್ದರಿಂದ ಎರಡು ಸಲ ಮಡಚಬೇಕಾಗಿಲ್ಲ, ಓವರ್‌ಲಾಕ್ ಇಲ್ಲವೆಂದು ಕೊರಗಬೇಕಾಗಿಯೂ ಇಲ್ಲ. 1 ಅಂಗುಲವನ್ನು ಒಂದೇ ಸಲ ಒಳಕ್ಕೆ ಮಡಚಿ, ಇಸ್ತ್ರಿ ಮಾಡಿ, ಜಿಗ್‌ಜಾಗ್‌ನಿಂದಲೋ ಕೈಹೊಲಿಗೆಯಿಂದಲೋ ಮುಗಿಸಿರಿ. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಎಳೆದಾಡಕೂಡದು. ಎತ್ತಿ ಎತ್ತಿ ಇಟ್ಟು ಒತ್ತಬೇಕು.

ಮುಗಿಸುವ ಮುನ್ನ

ಈ ಅಂಗಿಯನ್ನು ಮೊಳೆಗೆ ತೂಗುಹಾಕದೆ ಮಡಚಿಡಬೇಕು. ಒಗೆದಾಗ ಹರಡಿ ಒಣಗಿಸಬೇಕು. ಬಟ್ಟೆಯನ್ನು ನೆನೆಸುವಾಗ ಹೇಳಿದ ಕಾರಣವೇ ಇಲ್ಲಿಯೂ ಅನ್ವಯಿಸುತ್ತದೆ. ಬಿಡುವಿರುವ ಒಂದು ಮಧ್ಯಾಹ್ನದಲ್ಲಿ ಕತ್ತರಿಕೆ, ಇನ್ನೊಂದರಲ್ಲಿ ಹೊಲಿಗೆ ಎಂದು ಇಟ್ಟುಕೊಂಡರೆ ಮನೆಯ ಯಾವ ಕೆಲಸಕ್ಕೂ ಅಡ್ಡಿಯಾಗದು.

ಕಾಗದದ ಮಾದರಿಯನ್ನು ಎಸೆಯಬೇಡಿರಿ. ಮುಂದಿನ ಅಂಗಿಗೆ ಅದರಿಂದ ಅರ್ಧ ಶ್ರಮ ಉಳಿಯುತ್ತದೆ. ತೋಳನ್ನು ನೀಳ ಮಾಡಿದರೆ ಚಳಿಗಾಲಕ್ಕೂ ಒಂದಾಗುತ್ತದೆ. ಹೊಲಿಗೆಯವರ ಪೆಟ್ಟಿಗೆಯಲ್ಲಿ ಇಂಥ ಮಾದರಿಗಳು ಹಲವು ಇರುತ್ತವೆ, ಒಂದೊಂದರ ಮೇಲೂ ಮಗನ ಹೆಸರೋ ಮೊಮ್ಮಗಳ ಹೆಸರೋ ಬರೆದಿರುತ್ತದೆ. ಈ ಮಾದರಿಯ ಮೇಲೆ ಎದೆಯ ಅಳತೆ, ಉದ್ದ, ತಾರೀಖುಗಳನ್ನು ಬರೆದು, ಮೇಲುಗಡೆ ದಪ್ಪ ಅಕ್ಷರಗಳಲ್ಲಿ ನಿಮ್ಮ ಹೆಸರನ್ನೇ ಬರೆದಿಡಿರಿ.